ಗಾದಿ ಒಂದು, ಕಂಬಳಿ ಎರಡು

ಗಜೇಂದ್ರಗಡದಲ್ಲಿ ಆಗಿನ್ನೂ ಹತ್ತಿ ಹಿಂಜುವ ಸದ್ದು ಕೇಳುತ್ತಿತ್ತು. ನಾನು ಕೆಲಸ ಮಾಡುತ್ತಿದ್ದ ಗ್ರಂಥಾಲಯದ ಹಿಂದೆಯೇ ಮೌಲಾಸಾಬರ ಅಂಗಳ. ಬೆಳಿಗ್ಗೆ ನಾನು ಬಾಗಿಲು ತೆಗೆದು ಆ ದಿನದ ಪತ್ರಿಕೆಗಳಿಗೆ ಮೊಹರು ಒತ್ತುವ ಹೊತ್ತಿಗೆ ಅವರ ಬಿಲ್ಲು ಟಂಯ್ ಎಂದು ಮಿಡಿಯಲು ಸುರು ಮಾಡುತ್ತಿತ್ತು. ನರಗುಂದದಿಂದ ವರ್ಗವಾಗಿ ಬಂದ ಮೊದಲ ವಾರ ಆ ಸದ್ದಿಗೆ ನನಗೆ ತಲೆನೋವು ಬಂತು. ತಿಂಗಳು ಕಳೆಯುವುದರೊಳಗೆ, ಅದು ನಿಂತ ದಿನ ತಲೆನೋವು ಬರತೊಡಗಿತು.

ಮೌಲಾಸಾಬರು ಪಿಂಜಾರರು. ಊರಿನ ಗಾದಿ, ತಲೆದಿಂಬು, ಲೋಡುಗಳನ್ನು ಬಿಚ್ಚಿ, ಗಂಟುಕಟ್ಟಿದ ಹತ್ತಿಯನ್ನು ಹಿಂಜಿ ಹಗುರ ಮಾಡಿ, ಮತ್ತೆ ತುಂಬಿ ಹೊಲಿದುಕೊಡುವುದು ಅವರ ಕೆಲಸ. ಮಧ್ಯಾಹ್ನದ ಹೊತ್ತಿಗೆ ಹುಬ್ಬು, ಗಡ್ಡ, ಕಿವಿಯ ಮೇಲಿನ ಕೂದಲೆಲ್ಲ ಬೆಳ್ಳಗಾಗಿ ಐವತ್ತೈದರ ಮನುಷ್ಯ ತೊಂಬತ್ತರವರಂತೆ ಕಾಣುತ್ತಿದ್ದರು. ಸಂಜೆ ಮುಖ ತೊಳೆದರೆ ಮತ್ತೆ ಐವತ್ತೈದು.

ಬಿಲ್ಲಿಗಿಂತ ಹೆಚ್ಚಾಗಿ ಅವರಿಗೆ ಹೆಸರು ತಂದದ್ದು ಅವರ ಮುಚ್ಚಿದ ಬಾಯಿ. ಊರ ಹೆಂಗಸರು ಗಂಡನ ಕಣ್ಣಿಗೆ ಬೀಳಬಾರದ್ದನ್ನು ಗಾದಿಯ ಮೂಲೆಯಲ್ಲಿ ಹುದುಗಿಸಿಡುತ್ತಿದ್ದರು. ಮುರಿದ ಬೆಂಡೋಲೆ, ನೂರರ ಎರಡು ನೋಟು, ತವರಿನಿಂದ ಬಂದ ಕಾಗದ, ತಾಯಿತ. ಇಟ್ಟು ಮರೆಯುವವರೂ ಇದ್ದರು. ಗಾದಿ ಬಿಚ್ಚಿದಾಗ ಸಿಕ್ಕಿದ್ದನ್ನು ಮೌಲಾಸಾಬರು ಒಂದು ಚಿಂದಿಯಲ್ಲಿ ಸುತ್ತಿ ಆ ಮನೆಯ ಹೆಂಗಸಿನ ಕೈಗೇ ಕೊಡುವರು. ಗಾದಿ ಒಯ್ಯಲು ಗಂಡಸು ಬಂದರೆ, “ಅಕ್ಕಾರನ್ನ ಕಳಸ್ರಿ, ಹೊಲಿಗಿ ತೋರಸಬೇಕು” ಎಂದು ವಾಪಸು ಕಳಿಸುವರು. ಅಪ್ಪನ ಕಾಲದಿಂದ ಬಂದ ಪದ್ಧತಿ. ಊರಿನ ಅರ್ಧದಷ್ಟು ಸಂಸಾರಗಳು ಈ ಪದ್ಧತಿಯ ಮೇಲೆ ನೆಮ್ಮದಿಯಾಗಿ ನಿಂತಿದ್ದವು.

2007ರ ಪುರಸಭೆ ಚುನಾವಣೆ ಬಂದದ್ದು ರಮಜಾನ್ ತಿಂಗಳಲ್ಲಿ. ನಮ್ಮ ವಾರ್ಡಿನಲ್ಲಿ ನಿಂತವರು ಇಬ್ಬರು. ಒಬ್ಬ ರಾಯಣ್ಣ. ನೇಕಾರ, ಹಿಂದೆ ಎರಡು ಸಲ ಮೆಂಬರಾಗಿದ್ದವನು. ಅವನ ಭಾಷಣ ಎಲ್ಲಿ ಸುರುವಾದರೂ ಮುಗಿಯುವುದು ಒಂದೇ ಕಡೆ: “ನನ್ನದೇನೈತ್ರಿ? ಹಾಸಾಕ ಒಂದ ಕಂಬಳಿ, ಹೊದ್ಯಾಕ ಒಂದ ಕಂಬಳಿ.” ಇನ್ನೊಬ್ಬ ಕುತುಬುದ್ದೀನ, ನೂಲಿನ ವ್ಯಾಪಾರಿ. ಓಟು ಕೇಳಲು ಬರುವಾಗ ಅವನು ಪ್ಲಾಸ್ಟಿಕ್ ಚಪ್ಪಲಿ ಮೆಟ್ಟಿ ನಡೆದೇ ಬರುತ್ತಿದ್ದ. ಅವನ ವ್ಯಾನು ಎಣ್ಣೆ ಮಿಲ್ಲಿನ ಹಿಂದೆ ಅವನಿಗಾಗಿ ಕಾಯುತ್ತಿತ್ತು.

ಉಮೇದುವಾರರು ಆಸ್ತಿ ವಿವರ ಬರೆದುಕೊಡಬೇಕೆಂಬ ನಿಯಮ ಆಗಿನ್ನೂ ಹೊಸತು. ಇಬ್ಬರ ಪ್ರಮಾಣಪತ್ರದ ಝೆರಾಕ್ಸ್ ಪ್ರತಿಗಳನ್ನು ಯಾರೋ ತಂದು ನಮ್ಮ ಓದುವ ಮೇಜಿನ ಮೇಲೆ ಪತ್ರಿಕೆಗಳ ನಡುವೆ ಇಟ್ಟುಹೋದರು. ಗ್ರಂಥಾಲಯದಲ್ಲಿ ಆ ತಿಂಗಳು ಅತಿ ಹೆಚ್ಚು ಕೈ ಬದಲಿಸಿದ ಸಾಹಿತ್ಯ ಅದೇ. ಕುತುಬುದ್ದೀನನ ಪತ್ರದಲ್ಲಿ ಒಂದು ಸೈಕಲ್ಲಿತ್ತು. ಮನೆ ಮತ್ತು ಅಂಗಡಿ ತಾಯಿಯ ಹೆಸರಿನಲ್ಲಿ, ಟೆಂಪೊ ಭಾವಮೈದುನನ ಹೆಸರಿನಲ್ಲಿ, ವ್ಯಾನು ತಮ್ಮನ ಹೆಸರಿನಲ್ಲಿ. ಕುತುಬುದ್ದೀನನ ಹೆಸರಿನಲ್ಲಿ ಇದ್ದದ್ದು ಬಹುಮಟ್ಟಿಗೆ ಕುತುಬುದ್ದೀನ ಎಂಬ ಹೆಸರೊಂದೇ. ರಾಯಣ್ಣನದು ಬೇರೆ ತರಹದ ಕೃತಿ. ಪಿತ್ರಾರ್ಜಿತ ಮನೆ, ಎರಡು ಮಗ್ಗ, ಒಂದು ಸೈಕಲ್. ಹೆಂಡತಿಯ ಬಂಗಾರ, ತಾಳಿ ಬಿಟ್ಟರೆ ಇಲ್ಲ. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಪ್ರಾಮಾಣಿಕತೆಯ ಹುಮ್ಮಸ್ಸಿನಲ್ಲಿ ಕೊನೆಗೆ ತನ್ನದೇ ಕೈಬರಹದಲ್ಲಿ ಒಂದು ಸಾಲು ಸೇರಿಸಿದ್ದ: “ಗಾದಿ ಒಂದು, ಕಂಬಳಿ ಎರಡು.”

ಅದನ್ನು ಮೊದಲು ಹಿಡಿದವನು ಎದುರಿನ ಚಹಾದಂಗಡಿಯ ಜಂಗ್ಲಿಸಾಬ. ರಮಜಾನಿನಲ್ಲಿ ಹಗಲು ಅಂಗಡಿ ಮುಚ್ಚಿದ್ದರಿಂದ ಅವನು ದಿನವಿಡೀ ಗ್ರಂಥಾಲಯದಲ್ಲಿಯೇ ಇರುತ್ತಿದ್ದ.

“ಅಲ್ಲಪಾ ಹನಮಪ್ಪ, ಕಂಬಳಿ ಮ್ಯಾಲ ಮಲಗಾಂವಗ ಗಾದಿ ಯಾಕ?”

ಹನಮಪ್ಪ ರಾಯಣ್ಣನ ಜೊತೆ ಮಗ್ಗದಲ್ಲಿ ಕೂಡುವವನು. “ಹೆಂಡ್ತಿ ಮಲಗ್ತಾಳ.”

“ಹಂಗಾರ ಆಕಿ ಶ್ರೀಮಂತಿ, ಇವಾ ಬಡವ. ಒಂದ ಮನ್ಯಾಗ ಎರಡ ಪಾರ್ಟಿ!”

“ಮೊದ್ಲ ನಿಮ್ಮ ಕುತುಬಂದು ಹೇಳು. ಎಣ್ಣಿ ಮಿಲ್ಲಿನ ಹಿಂದ ನಿಂತ ವ್ಯಾನು ಯಾರ್ದು?”

“ತಮ್ಮಂದು.”

“ತಮ್ಮಗ ಗಾಡಿ ಹೊಡ್ಯಾಕ ಬರೂದಿಲ್ಲಲೇ!”

“ಕಲೀತಾನ.”

ಗೋಡೆಯ ಮೇಲೆ ‘ಮೌನವಿರಲಿ’ ಎಂಬ ಬೋರ್ಡಿತ್ತು. ನಾನು ಅದರತ್ತ ಬೆರಳು ತೋರಿಸಲಿಲ್ಲ.

ಎರಡು ದಿನ ಬಿಟ್ಟು ಕುತುಬುದ್ದೀನ ತನ್ನ ಸಭೆಯಲ್ಲಿ ಒಂದೇ ಮಾತು ಆಡಿದ: “ರಾಯಣ್ಣಾವ್ರು ಗಾದಿ ಹೊರಗಿಂದು ಬರದಾರ. ಒಳಗಿಂದು ಬರದಿಲ್ಲ.” ಬೇರೆ ಊರಿನಲ್ಲಾಗಿದ್ದರೆ ಈ ಮಾತಿಗೆ ಅರ್ಥ ಇರುತ್ತಿರಲಿಲ್ಲ. ಗಾದಿಯ ಒಳಗೆ ಏನೇನಿರುತ್ತದೆ ಎಂದು ಮನೆಮನೆಗೂ ಗೊತ್ತಿದ್ದ ಊರಿನಲ್ಲಿ ಅದು ಬೆಂಕಿಯಂತೆ ಹಬ್ಬಿತು. ಬೆಳಗಾಗುವುದರಲ್ಲಿ ರಾಯಣ್ಣನ ಗಾದಿಯಲ್ಲಿ ಕಾಲು ಕಿಲೋ ಬಂಗಾರವಿತ್ತು. ಮಧ್ಯಾಹ್ನಕ್ಕೆ ಅರ್ಧ ಕಿಲೋ ಆಯಿತು. ನೇಕಾರರ ಸಾಲದಲ್ಲಿ ಹೊಡೆದ ಕಮಿಷನ್ ಎಂದು ಮೂಲವೂ ಸಿಕ್ಕಿತು.

ರಾಯಣ್ಣನಿಗೆ ತಡೆಯಲಾಗಲಿಲ್ಲ. ಮರುದಿನ ಬಸ್ ಸ್ಟ್ಯಾಂಡಿನ ಮುಂದೆ ಬೆಂಚಿನ ಮೇಲೆ ಹತ್ತಿ ನಿಂತು ಕೂಗಿದ. “ನನ್ನ ಗಾದಿ ತರ್ರಿ! ಎಲ್ಲಾರ ಮುಂದ ಬಿಚ್ರಿ! ಒಂದ ಗುಂಜಿ ಬಂಗಾರ ಸಿಕ್ರ ನಿಮ್ಮ ಬಾಗಲಿಗೆ ಓಟ ಕೇಳಾಕ ಬರೂದಿಲ್ಲ. ರಾಜಕೀಯಾನ ಬಿಡ್ತೀನಿ!”

“ಬಿಚ್ಚಾವ್ರು ಯಾರು?” ಎಂದ ಕುತುಬುದ್ದೀನ. “ನಿಮ್ಮ ಮಂದಿ ಬಿಚ್ಚಿದ್ರ ನಾ ಒಪ್ಪೂದಿಲ್ಲ.”

“ಮೌಲಾಸಾಬ ಬಿಚ್ಚಲಿ.”

“ಮೌಲಾಕಾಕಾ ಆದ್ರ ಆತು.”

ಇಡೀ ಚುನಾವಣೆಯಲ್ಲಿ ಅವರಿಬ್ಬರೂ ಒಪ್ಪಿದ ಮಾತು ಅದೊಂದೇ.

ರಾಯಣ್ಣ ಸುಳ್ಳು ಹೇಳಿರಲಿಲ್ಲ. ಆದರೆ ಗಾದಿಯೊಳಗೆ ಬಂಗಾರವಿತ್ತು.

ಅವನ ಹೆಂಡತಿ ಮಾಳವ್ವನ ತವರು ಹೊಳೆದಂಡೆಯ ಮೆಣಸಗಿ. ಒಮ್ಮೆ ಮಲಪ್ರಭೆ ಊರೊಳಗೆ ಬಂದಾಗ ಅವಳ ತಾಯಿ ಕಾಳಿನ ಚೀಲ, ಹಾಸಿಗೆ, ಪಾತ್ರೆ ಎಲ್ಲ ಬಿಟ್ಟು, ಬಂಗಾರದ ಒಂದು ಪುತಳಿ ಸರವನ್ನು ಸೊಂಟಕ್ಕೆ ಕಟ್ಟಿಕೊಂಡು ಕನ್ನಡ ಸಾಲಿಯ ಮಾಳಿಗೆ ಹತ್ತಿದ್ದಳಂತೆ. ರಾಯಣ್ಣನ ಮೊದಲ ಚುನಾವಣೆಯ ಕರಪತ್ರಕ್ಕೆ ಮಾಳವ್ವನ ಕೈಯ ಪಾಟ್ಲಿ ಹೋಗಿದ್ದವು. ಎರಡನೆಯದಕ್ಕೆ ಬಿಲ್ವಾರದ ಬಳೆ. ಇದನ್ನು ಕೇಳಿದ ತಾಯಿ ಸಾಯುವ ಮುಂಚೆ ಆ ಸರವನ್ನು ಮಗಳ ಕೈಗಿಟ್ಟು, “ಇದು ನಿನ್ನ ಗಂಡಂದಲ್ಲ, ಊರಿಂದೂ ಅಲ್ಲ” ಎಂದಿದ್ದಳು. ಮಾಳವ್ವ ಅದನ್ನು ಮಗಳು ನೇತ್ರಾಳ ಓದಿಗೆಂದು ಎತ್ತಿಟ್ಟಳು. ನೇತ್ರಾ ಆಗ ಪಿಯುಸಿ ಎರಡನೇ ವರ್ಷ. ಮುಂದೆ ಡಿ.ಎಡ್. ಮಾಡಿ ಮಾಸ್ತರಿಕೆಗೆ ಹೋಗುವವಳು. ಆ ಬೇಸಿಗೆಯಲ್ಲಿ ಗಾದಿ ಹಿಂಜಿದಾಗ ಮೌಲಾಸಾಬರಿಗೆ ಆ ಸರದ ಗಂಟು ಸಿಕ್ಕಿ, ಎಂದಿನಂತೆ ಮಾಳವ್ವನ ಕೈಗೆ ಕೊಟ್ಟಿದ್ದರು. ಅವಳು, “ಅಲ್ಲೇ ಇಟ್ಟ ಹೊಲೀರಿ ಕಾಕಾ” ಎಂದಿದ್ದಳು. ಇಸ್ತ್ರಿ ಬಿದ್ದು ಸುಟ್ಟ ಕಲೆ ಇದ್ದ ಮೂಲೆ. ಅವರೇ ಕೈಯಾರೆ ಹೊಲಿದದ್ದು.

ಅಂದರೆ ಗಾದಿ ಎಲ್ಲರೆದುರು ಬಿಚ್ಚಿದರೆ ರಾಯಣ್ಣ ಸುಳ್ಳುಗಾರನಾಗುತ್ತಾನೆ, ಸರ ರಾಯಣ್ಣನ ಕಣ್ಣಿಗೆ ಬೀಳುತ್ತದೆ, ನೇತ್ರಾಳ ಓದು ಇನ್ಯಾವುದೋ ಚುನಾವಣೆಯ ಕರಪತ್ರವಾಗುತ್ತದೆ. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಆ ಹೊತ್ತಿಗೆ ಗೊತ್ತಿದ್ದದ್ದು ಮಾಳವ್ವನಿಗೆ ಮತ್ತು ಮೌಲಾಸಾಬರಿಗೆ ಮಾತ್ರ.

ಮಾಳವ್ವ ನಳದಿಂದ ಕೊಡ ಹೊತ್ತು ಮನೆಗೆ ಬರುವುದರೊಳಗೆ ಮಂಚ ಖಾಲಿ. ರಾಯಣ್ಣನ ಹುರುಪಿನ ಹುಡುಗರು ಗಾದಿಯನ್ನು ಹೆಗಲ ಮೇಲೆ ಹೊತ್ತು, ಘೋಷಣೆ ಕೂಗುತ್ತ ನೇರ ನಮ್ಮ ಗ್ರಂಥಾಲಯಕ್ಕೆ ತಂದಿದ್ದರು. ಸರಕಾರದ ಜಾಗ, ಯಾರ ಕಡೆಯದೂ ಅಲ್ಲ ಎಂದು. ನನ್ನಿಂದ ರಸೀದಿ ಕೇಳಿದರು. “ಗಾದಿ ಒಂದು ಸ್ವೀಕರಿಸಲಾಗಿದೆ” ಎಂದು ಬರೆದು ಮೊಹರು ಒತ್ತಿಕೊಟ್ಟೆ. ಹಿಂದಿರುಗಿಸುವ ದಿನಾಂಕದ ಜಾಗ ಖಾಲಿ ಬಿಟ್ಟೆ.

ಮೌಲಾಸಾಬರು ಬಂದರು. ಗಾದಿಯನ್ನು ಅಂಗೈಯಲ್ಲಿ ಒತ್ತಿ ನೋಡಿದರು. “ಮಳಿಗಾಲದ ಹತ್ತಿ ಥಂಡಿ ಹಿಡದೈತ್ರಿ. ನಾಳಿ ಒಂದ ದಿನ ಬಿಸಲಿಗೆ ಹಾಕ್ರಿ. ನಾಡದ ಹಿಂಜತೀನಿ.”

“ಹಿಂಜೂದ್ಯಾಕ ಕಾಕಾ?” ಎಂದ ಜಂಗ್ಲಿಸಾಬ. “ಬರೇ ಹರದ ತೋರಸ್ರಿ, ಸಾಕು.”

“ಹರಿಯಾವ್ರು ಬ್ಯಾರೆ ಇರ್ತಾರಪಾ. ನಾ ಹಿಂಜಾಂವ.”

ಮರುದಿನ ಗ್ರಂಥಾಲಯದ ಅಂಗಳದಲ್ಲಿ ಚಾಪೆ ಹಾಸಿ ಗಾದಿಯನ್ನು ಬಿಸಿಲಿಗೆ ಹಾಕಿದೆವು. ಕಾವಲಿಗೆ ಎರಡೂ ಕಡೆಯಿಂದ ಇಬ್ಬಿಬ್ಬರು. ಹತ್ತು ಗಂಟೆಯ ಸುಮಾರಿಗೆ ಹಸನಬಿಯವರು ಬಂದರು, ಕಂಕುಳಲ್ಲಿ ಒಂದು ಬಟ್ಟೆಗಂಟು. ಅವರು ಕುತುಬುದ್ದೀನನ ತಾಯಿ. ಪ್ರಮಾಣಪತ್ರದ ಪ್ರಕಾರ ಹೇಳುವುದಾದರೆ, ಕುತುಬುದ್ದೀನನ ಮನೆ ಮತ್ತು ಅಂಗಡಿಯ ಒಡತಿ.

“ಇವ್ರು ಚಾ ಕುಡ್ಯಾಕ ಹೋಗ್ತಾರ, ನೀವು ನಮಾಜಿಗೆ ಹೋಗ್ತೀರಿ,” ಎಂದರು ಕಾವಲಿನವರಿಗೆ. “ಆ ಹೊತ್ತಿಗೆ ಗಾದೀನ ಗಾಳಿ ಕಾಯ್ತೈತೇನು? ಸರೀರಿ, ನಾ ಕುಂದರ್ತೀನಿ.”

ಹನಮಪ್ಪನೇ ಒಪ್ಪಿದ. “ಹಸನಬಿ ಅತ್ತಿ ಕುಂತ್ರ ಆತು ಬಿಡ್ರಿ. ಆಕೀ ಮಗಾ ಹ್ಯಾಂಗರ ಇರಲಿ, ಆಕಿ ಚಲೋದಾಕಿ.”

ಹಸನಬಿಯವರು ಗಾದಿಯ ಒಂದು ಮೂಲೆಯ ಮೇಲೆ ಕೂತು ಗಂಟು ಬಿಚ್ಚಿದರು. ಒಳಗಿದ್ದದ್ದು ಅರ್ಧ ಹೊಲಿದ ಕೌದಿ. ಹಳೆ ಸೀರೆ, ಲುಂಗಿ, ಅಂಗಿಯ ತುಂಡುಗಳನ್ನು ಒಂದರ ಪಕ್ಕ ಒಂದಿಟ್ಟು ಹೊಲಿಯುತ್ತಿದ್ದ ಹೊದಿಕೆ. ಅದನ್ನು ತೊಡೆಯ ಮೇಲೆ ಹರವಿಕೊಂಡರೆ ಅರ್ಧ ಗಾದಿ ಮುಚ್ಚಿಹೋಯಿತು. ದಿನವಿಡೀ ಸೂಜಿ ಆಡುತ್ತಿತ್ತು, ನಡುನಡುವೆ ಕತ್ತರಿ ಕಚ್ ಎನ್ನುತ್ತಿತ್ತು. ಮಾಳವ್ವ ಒಮ್ಮೆ ಖಾಲಿ ಕೊಡ ಹಿಡಿದು ಗೇಟಿನ ಮುಂದೆ ಹಾದುಹೋದಳು. ಇತ್ತ ತಿರುಗಿಯೂ ನೋಡಲಿಲ್ಲ. ಮಧ್ಯಾಹ್ನ ಕುತುಬುದ್ದೀನ ಬಂದ. ತಾಯಿಯನ್ನು ನೋಡಿ ಅವನ ಮುಖ ಅರಳಿತು.

“ಅಮ್ಮಾ, ಬರೋಬ್ಬರಿ ನೋಡ್ಕೋ. ಯಾರನ್ನೂ ಹಂತೇಕ ಬಿಡಬ್ಯಾಡ.”

“ನೀ ಹೋಗಲಾ. ಗಾದಿ ಕಾಯೂದ ನಿನಗಿಂತ ನನಗ ಚಲೋ ಗೊತ್ತು.”

ಹಿಂಜುವ ದಿನ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಪೊಲೀಸಿನವನೊಬ್ಬ ಬಂದು ಪರವಾನಗಿ ಇದೆಯೇ ಎಂದು ಕೇಳಿದ. ಚುನಾವಣೆಯ ಕಾಲದಲ್ಲಿ ಗಾದಿ ಹಿಂಜಬಾರದೆಂದು ಅವನ ಪುಸ್ತಕದಲ್ಲಿಯೂ ಇರಲಿಲ್ಲವಾದ್ದರಿಂದ ಅವನೂ ಒಂದು ಕಡೆ ಕೂತ. ಮೌಲಾಸಾಬರು ಬಾಯಿಗೆ ಟಾವೆಲ್ ಸುತ್ತಿಕೊಂಡರು. ಅವರಿಗೆ ರೋಜಾದ ಉಪವಾಸ.

“ಮೌಲಾಕಾಕಾ, ಹತ್ತಿ ನುಂಗಿದ್ರ ರೋಜಾ ಮುರೀತೈತೇನು?” ಎಂದು ಗುಂಪಿನಿಂದ ಯಾರೋ ಕೂಗಿದರು.

“ಬಾಯಿ ತೆಗದ್ರ ಒಳಗ ಹೋಗ್ತೈತಿ. ಅದಕ್ಕ ತೆಗಿಯೂದಿಲ್ಲ.”

ಮೊದಲನೆಯ ಮೂಲೆ ಬಿಚ್ಚಿದರು. ಹಿಡಿಹಿಡಿಯಾಗಿ ಹತ್ತಿ ತೆಗೆದು ಎಲ್ಲರಿಗೂ ತೋರಿಸಿ ಬಿಲ್ಲಿನ ಕೆಳಗೆ ಹಾಕಿದರು. ಟಂಯ್, ಟಂಯ್. ಹತ್ತಿ ಎದ್ದು ಹಾರಿ ಜನರ ತಲೆಯ ಮೇಲೆ ಕೂತಿತು. ಮುಂದಿನ ಸಾಲಿನವರು ಸೀನತೊಡಗಿದರು. ಎರಡನೆಯ ಮೂಲೆ, ಮೂರನೆಯ ಮೂಲೆ. ಒಂದು ಗಾದಿಗೆ ಇಷ್ಟು ಹೊತ್ತು ಹಿಡಿದದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ಬಂಗಾರ ನೋಡಲು ಬಂದ ಜನ ಹತ್ತಿ ನೋಡಿ ಬೇಸತ್ತು ಚದುರತೊಡಗಿದರು. ಅರ್ಧದಷ್ಟು ಮಾತ್ರ ಉಳಿದಿದ್ದಾಗ ಸುಟ್ಟ ಕಲೆಯ ಮೂಲೆ ಬಂತು. ಮಾಳವ್ವ ಗೋಡೆಗೆ ಒರಗಿ, ಸೆರಗಿನ ತುದಿ ಹಲ್ಲಿನಲ್ಲಿ ಕಚ್ಚಿಕೊಂಡು ನಿಂತಿದ್ದಳು. ಪಕ್ಕದಲ್ಲಿ ನೇತ್ರಾ.

ಮೌಲಾಸಾಬರು ಕತ್ತರಿ ಎತ್ತಿದವರು ಹಾಗೇ ನಿಂತರು. ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದರು. ಚಾಳೀಸು ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡು, ಬಗ್ಗಿ ನೋಡಿದರು. ಆಮೇಲೆ ತಲೆಯೆತ್ತಿ ಒಂದು ಕ್ಷಣ ಆಚೆ ಬದಿಗೆ ನೋಡಿದರು. ಅಲ್ಲಿ ಹೆಂಗಸರ ನಡುವೆ ಹಸನಬಿಯವರು ಕೂತು ಕೌದಿಯ ಅಂಚು ಹೊಲಿಯುತ್ತಿದ್ದರು. ಮೌಲಾಸಾಬರು ದಾರ ಕತ್ತರಿಸಿದರು. ಒಳಗಿನ ಹತ್ತಿ ತೆಗೆದು ಹಿಂಜಿದರು. ಎರಡು ಹತ್ತಿಕಾಳು ಉದುರಿದವು, ಒಂದು ಕೆಂಪು ಬಳೆಯ ಚೂರು.

“ಏನೂ ಇಲ್ರಿ,” ಎಂದರು.

ರಾಯಣ್ಣನ ಹುಡುಗರು ಅವನನ್ನು ಎತ್ತಿ ಕುಣಿಸಿದರು. ಹಿಂಜಿದ ಹತ್ತಿಯನ್ನೇ ಅವನ ತಲೆಯ ಮೇಲೆ ಸುರಿದರು. ಮಾಳವ್ವ ಸೆರಗಿನ ತುದಿಯನ್ನು ಹಲ್ಲಿನಿಂದ ಬಿಡಿಸಿ ಅದರಲ್ಲೇ ಮುಖ ಮುಚ್ಚಿಕೊಂಡಳು. ಗಂಡ ಗೆದ್ದ ಸಂತೋಷ ಎಂದರು ಜನ. ಕುತುಬುದ್ದೀನ ಎಣ್ಣೆ ಮಿಲ್ಲಿನ ಕಡೆಗೆ ನಡೆದ.

ಚುನಾವಣೆಯಲ್ಲಿ ರಾಯಣ್ಣ ಮೂವತ್ತೊಂದು ಓಟಿನಿಂದ ಸೋತ.

ಕಾರಣವನ್ನು ಮರುದಿನ ಓದುವ ಮೇಜಿನಲ್ಲಿ ಜಂಗ್ಲಿಸಾಬ ಹೇಳಿದ, ಹನಮಪ್ಪನೂ ತಲೆಯಾಡಿಸಿದ. “ಎರಡ ಸಲ ಮೆಂಬರಾಗಿ ಗಾದ್ಯಾಗ ಒಂದ ಗುಂಜಿ ಇಟ್ಟಿಲ್ಲಂದ್ರ ಏನ ಹೇಳೂದ್ರಿ ಸರ? ತನ್ನ ಮನೀನ ಮಾಡ್ಕೊಳ್ಳಾಕ ಬರದಾಂವ ನಮ್ಮ ಓಣಿ ಗಟಾರ ಏನ ಮಾಡಸ್ತಾನ?” ರಾಯಣ್ಣ ಕಳ್ಳನೆಂದು ಬೈದ ಬಾಯಿಗಳೇ ಅವನು ಕಳ್ಳನಲ್ಲವೆಂದು ಗೊತ್ತಾದ ಮೇಲೆ ಓಟು ಹಾಕಿರಲಿಲ್ಲ. ಪ್ಲಾಸ್ಟಿಕ್ ಚಪ್ಪಲಿಗಳನ್ನು ಆಮೇಲೆ ಯಾರೂ ಕಾಣಲಿಲ್ಲ. ವ್ಯಾನು ಎಣ್ಣೆ ಮಿಲ್ಲಿನ ಹಿಂದಿನಿಂದ ಮುಂದೆ ಬಂತು. ಕುತುಬುದ್ದೀನನ ತಮ್ಮ ಗಾಡಿ ಹೊಡೆಯುವುದನ್ನು ಇನ್ನೂ ಕಲಿತಿರಲಿಲ್ಲ.

ನನಗೆ ವಿಷಯ ತಿಳಿದದ್ದು ಎರಡು ವರ್ಷದ ಮೇಲೆ, ಮತ್ತೆ ನರಗುಂದಕ್ಕೆ ವರ್ಗವಾಗಿ ಹಸನಬಿಯವರಿಗೆ ಹೇಳಿಬರಲು ಹೋದಾಗ. ಕಟ್ಟೆಯ ಮೇಲೆ ಕೂತು ಅವರೇ ನಕ್ಕು ಹೇಳಿದರು.

“ಗಾದಿ ಎತಗೊಂಡ ಹೋದ ದಿವಸ ಮಾಳವ್ವ ಹಿತ್ತಲ ಬಾಗಲದಿಂದ ಬಂದ್ಲು. ಅಳಲಿಲ್ಲ, ಏನಿಲ್ಲ. ‘ಅಕ್ಕಾ, ಸುಟ್ಟ ಮೂಲ್ಯಾಗ ನೇತ್ರಾನ ಸಾಲಿ ಐತಿ’ ಅಂದ್ಲು. ನಾ ಅಂದೆ, ಹೋಗು, ಅಡಗಿ ಮಾಡು.”

“ಎಲ್ಲಾರ ಎದುರ ಹ್ಯಾಂಗ ತಗದ್ರಿ?”

“ಎಲ್ಲಾರ ಎದುರ ಆದದ್ದಕ್ಕ ತಗದೆ. ಕೌದಿ ಹೊಲಿಯೂ ಮುದಿಕೀ ಕೈ ಯಾರ ನೋಡ್ತಾರ? ಮೂಲಿ ಬಿಚ್ಚಿ ಗಂಟ ತಗದೆ, ಮತ್ತ ಹೊಲದೆ. ಗಂಟನ್ನ ಕೌದ್ಯಾಗ ಒಂದ ಹಸರ ತುಂಡಿನ ಕೆಳಗ ಇಟ್ಟ ಹೊಲದೆ.” ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು, ನಗುವಿಗೆ. “ಚುನಾವಣಿ ಮುಗಿಯ ತನಕ ಆ ಕೌದಿ ಯಾರ ಹೊದ್ದಕೊಂಡ್ರು ಗೊತ್ತೈತೇನು? ನಮ್ಮ ಕುತುಬ. ‘ಅಮ್ಮಾ, ಇದೇನ ಇಷ್ಟ ವಜ್ಜಿ ಐತಿ’ ಅಂದ. ತಾಯಿ ಮಾಡಿದ್ದಪಾ, ವಜ್ಜಿ ಇರ್ತೈತಿ ಅಂದೆ.”

“ಆದ್ರೂ ಸ್ವಂತ ಮಗನ ವಿರುದ್ಧ...”

“ವಿರುದ್ಧ ಎಲ್ಲೈತ್ರಿ ಸರ? ಆರಿಸಿ ಬಂದ್ನಲ್ಲ! ಬಂಗಾರ ಸಿಕ್ಕಿತ್ತಂದ್ರ ಮಂದಿ ರಾಯಣ್ಣ ಹುಷಾರ ಅದಾನ ಅಂತ ಅವಗ ಓಟ ಹಾಕ್ತಿದ್ರು.”

ಕೌದಿ ಚುನಾವಣೆ ಮುಗಿದ ವಾರ ಮಾಳವ್ವನ ಮನೆ ಸೇರಿತ್ತು. ಮುಂದಿನ ವರ್ಷ ನೇತ್ರಾ ಡಿ.ಎಡ್.ಗೆ ಹೆಸರು ಹಚ್ಚಿದಾಗ, ದುಡ್ಡು ಎಲ್ಲಿಂದ ಬಂತೆಂದು ರಾಯಣ್ಣ ಕೇಳಿದನಂತೆ. “ಮೆಣಸಗಿಯಿಂದ” ಎಂದಳಂತೆ ಮಾಳವ್ವ. ಊರಿನ ಮುಂದೆ ಗಾದಿ ಬಿಚ್ಚಿಸಿದ ಮನುಷ್ಯ ಆ ಒಂದು ಮಾತನ್ನು ಬಿಚ್ಚಲು ಹೋಗಲಿಲ್ಲ. ನೇತ್ರಾ ಈಗ ಪುರ್ತಗೇರಿ ಸಾಲಿಯಲ್ಲಿ ಅಕ್ಕೋರು.

ಮೊನ್ನೆ ಗಜೇಂದ್ರಗಡಕ್ಕೆ ಹೋಗಿದ್ದೆ. ಗ್ರಂಥಾಲಯದ ಹಿಂದೆ ಸದ್ದಿಲ್ಲ. ರೋಣ ರಸ್ತೆಯಲ್ಲಿ ಹಿಂಜುವ ಮಶಿನ್ನು ಬಂದು ಬಹಳ ವರ್ಷಗಳಾದವು. ಈಗ ಅದರ ಮುಂದೆಯೂ ಜನರಿಲ್ಲ. ಮೌಲಾಸಾಬರಿಗೆ ಎಪ್ಪತ್ತು ದಾಟಿದೆ, ಹುಬ್ಬು ಹತ್ತಿಯಿಲ್ಲದೆಯೂ ಬೆಳ್ಳಗಿದೆ. ಬಿಲ್ಲು ಗೋಡೆಯ ಮೊಳೆಗೆ ನೇತುಹಾಕಿತ್ತು. ಅದರ ನರದ ಹೆದೆ ಸಡಿಲಾಗಿತ್ತು. ಹಸನಬಿಯವರು ಎಲ್ಲ ಹೇಳಿದ್ದಾರೆ ಎಂದೆ.

“ಏನ ಹೇಳಿದ್ರೋ ಏನೋ,” ಎಂದರು. ಚಹಾ ಬಸಿಗೆ ಸುರುವಿಕೊಂಡು ಒಂದು ಗುಟುಕು ಕುಡಿದರು. ಗಂಟಿನ ಬಗ್ಗೆ ಅವರ ಬಾಯಿಂದ ಒಂದು ಅಕ್ಷರ ಬರಲಿಲ್ಲ. ಹೊಲಿಗೆಯ ಬಗ್ಗೆ ಮಾತಾಡುವುದಕ್ಕೆ ಪದ್ಧತಿಯ ಅಡ್ಡಿ ಇರಲಿಲ್ಲವೆಂದು ಕಾಣುತ್ತದೆ. “ಆ ಮೂಲಿ ಹೊಲಿಗಿ ನನ್ನದಲ್ರಿ ಸರ. ನಾವು ಉದ್ದ ಉದ್ದ ಹೊಲಿಯೂ ಮಂದಿ. ಅದು ಸಣ್ಣ ಸಣ್ಣದು, ಒತ್ತಿ ಒತ್ತಿ ಹಾಕಿದ್ದು. ಕತ್ತರಸಾಕ ಮನಸ ಬರಲಿಲ್ಲ ನೋಡ್ರಿ, ಅಷ್ಟ ಚಲೋ ಇತ್ತು.”

ಬಸಿಗೆ ಇನ್ನಷ್ಟು ಚಹಾ ಸುರುವಿಕೊಂಡು ಕೇಳಿದರು. “ನಿಮ್ಮ ಗಾದಿ ಎಂಥಾದು ಈಗ?”

“ಫೋಮಿಂದು.”

ಅವರು ಬಸಿ ಕೆಳಗಿಟ್ಟು ಅಯ್ಯೋ ಎನ್ನುವಂತೆ ನನ್ನನ್ನು ನೋಡಿದರು.

“ಅದರಾಗ ನಿಮ್ಮ ಮನ್ಯಾಗಿನವ್ರಿಗೆ ಏನ ಇಡಾಕ ಬರ್ತೈತ್ರಿ?”